ತೆರಿಗೆ ವಿನಾಯಿತಿ ಮತ್ತು ದುಡಿಯುವವನ ಕೈಗೆ ಉಳಿದ ಹಣ

ತೆರಿಗೆ ವಿನಾಯಿತಿಯ ಶಾಸನಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಪ್ರಭುವಿನ ಔದಾರ್ಯವನ್ನು ಗುರುತಿಸಿ ಮುಂದೆ ಸಾಗುತ್ತೇವೆ. ಅದರಿಂದ ದುಡಿಯುವವನ ಕೈಯಲ್ಲಿ ಎಷ್ಟು ಉಳಿಯಿತೆಂಬ ಪ್ರಶ್ನೆಯನ್ನು ಎತ್ತುವುದು ವಿರಳ. ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ೧೫೪೦ರ ದಶಕದಲ್ಲಿ, ಅಳಿಯ ರಾಮರಾಯನು ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿ ನಾಯಿಂದರ ಮೇಲಿನ ತೆರಿಗೆಯನ್ನು ಮನ್ನಾ ಮಾಡಿದನು. ಇದನ್ನು ಸಾರುವ ಶಾಸನಗಳು ಕನ್ನಡ ಹಾಗೂ ತೆಲುಗು ನಾಡುಗಳ ಹಲವು ಊರುಗಳಲ್ಲಿ ದೊರೆತಿವೆ. ಆದರೆ ಅವು ಆಜ್ಞೆಗೆ ಸಾಕ್ಷಿಯೇ ಹೊರತು ಗಳಿಕೆಗಲ್ಲ. ಅಲ್ಲದೆ, ತೆರಿಗೆಯೊಡನೆ ಬಿಟ್ಟಿಯೂ ತಪ್ಪಿದಲ್ಲಿ ಉಳಿಯುವುದು ಹಣವಷ್ಟೇ ಅಲ್ಲ, ದುಡಿಮೆಯ ದಿನವೂ ಹೌದು.

ಆಜ್ಞೆಗೂ ಗಳಿಕೆಗೂ ಇರುವ ಈ ಅಂತರವನ್ನು ಲೆಕ್ಕ ಉಳಿದಿರುವ ಆಧುನಿಕ ನಿದರ್ಶನವೊಂದು ಸ್ಪಷ್ಟಪಡಿಸುತ್ತದೆ. ಅಮೆರಿಕದಲ್ಲಿ ೧೯೩೫ರ ಸಾಮಾಜಿಕ ಭದ್ರತಾ ಕಾಯಿದೆಯ ಮೇರೆಗೆ ೧೯೩೭ರಿಂದ ಕಾರ್ಮಿಕನ ವೇತನದಲ್ಲಿ ಶೇ. ೧ರಷ್ಟನ್ನು ಮುರಿದುಕೊಳ್ಳಲಾಯಿತು, ಮಾಲೀಕನೂ ಅಷ್ಟನ್ನೇ ತೆರಬೇಕಿತ್ತು. ೧೯೯೦ರಲ್ಲಿ ಈ ದರ ಶೇ. ೬.೨ಕ್ಕೆ ಏರಿತು. ಆರ್ಥಿಕ ಹಿಂಜರಿತದ ತರುವಾಯ, ೨೦೧೧ರಲ್ಲಿ, ಕಾರ್ಮಿಕನ ಪಾಲನ್ನು ಮಾತ್ರ ಶೇ. ೪.೨ಕ್ಕೆ ಇಳಿಸಲಾಯಿತು. ವರ್ಷಕ್ಕೆ ೫೦,೦೦೦ ಡಾಲರ್ ಗಳಿಸುವವನ ಕೈಯಲ್ಲಿ ೧,೦೦೦ ಡಾಲರ್ ಹೆಚ್ಚು ಉಳಿಯಿತು. ತೆರಿಗೆಗೊಳಪಡುವ ವೇತನದ ಮಿತಿ ೧,೦೬,೮೦೦ ಡಾಲರ್ ಆಗಿದ್ದುದರಿಂದ ಗರಿಷ್ಠ ಲಾಭ ೨,೧೩೬ ಡಾಲರ್.

ಆದರೆ ೨೦೦೯ ಮತ್ತು ೨೦೧೦ರಲ್ಲಿ ಒಂಟಿ ದುಡಿಮೆಗಾರನಿಗೆ ೪೦೦ ಡಾಲರ್‌ವರೆಗೆ ದೊರೆಯುತ್ತಿದ್ದ ಬೇರೊಂದು ತೆರಿಗೆ ರಿಯಾಯಿತಿ ಅಷ್ಟರಲ್ಲಿ ಮುಗಿದಿತ್ತು. ೧೫,೦೦೦ ಡಾಲರ್ ಗಳಿಸುವವನಿಗೆ ಹೊಸ ಕ್ರಮದಿಂದ ದೊರೆತದ್ದು ೩೦೦ ಡಾಲರ್. ಅಂದರೆ ಹಿಂದಿಗಿಂತ ೧೦೦ ಡಾಲರ್ ಕಡಿಮೆ. ವಿನಾಯಿತಿಯ ವರ್ಷದಲ್ಲಿಯೇ ಬಡ ಕಾರ್ಮಿಕನು ಕಳೆದುಕೊಂಡನು. ೨೦೧೩ರ ಜನವರಿಯಲ್ಲಿ ದರ ಮತ್ತೆ ಶೇ. ೬.೨ಕ್ಕೆ ಮರಳಿದಾಗ, ಗೊತ್ತುಪಡಿಸಿದ ವೇತನ ಬದಲಾಗದಿದ್ದರೂ ಕೈಗೆ ಬರುವ ಹಣ ಕುಗ್ಗಿತು.

ಇದರಿಂದ ಶಾಸನಗಳ ಅಧ್ಯಯನಕ್ಕೆ ಒದಗುವ ಎಚ್ಚರಿಕೆ ಸ್ಪಷ್ಟವಾಗಿದೆ. ಹೊಸ ವಿನಾಯಿತಿ ಕಲ್ಲಿನ ಮೇಲೆ ಮೂಡಿದ ಕಾಲದಲ್ಲಿಯೇ ಹಳೆಯದೊಂದು ಸದ್ದಿಲ್ಲದೆ ಅಳಿದಿರಬಹುದು; ಅಳಿದುದಕ್ಕೆ ಯಾರೂ ಕಲ್ಲು ನೆಡಿಸುವುದಿಲ್ಲ. ಆದ್ದರಿಂದ ಒಂದು ಮನ್ನಾ ಶಾಸನವನ್ನು ಅದೇ ಸೀಮೆಯ, ಅದೇ ಕಾಲದ ಇತರ ತೆರಿಗೆ ಉಲ್ಲೇಖಗಳೊಡನೆ ಇಟ್ಟು ಓದಬೇಕು. ಬಿಟ್ಟದ್ದೇನು, ಉಳಿಸಿಕೊಂಡದ್ದೇನು, ಯಾರಿಗೆ ಎಷ್ಟು ಸಂದಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಬಳಿಕವೇ ಪ್ರಭುವಿನ ಔದಾರ್ಯವನ್ನು ಕುರಿತು ಮಾತನಾಡುವುದು ಉಚಿತವೆಂದು ನಾವು ಭಾವಿಸುತ್ತೇವೆ.