ಮಾತ್ರೆಯೂ ಕ್ಯಾನ್ಸರೂ: ಒಂದು ಪ್ರಶ್ನೆಯ ಅರ್ಧ ಶತಮಾನ

ಗರ್ಭನಿರೋಧಕ ಮಾತ್ರೆ ನುಂಗಿದರೆ ಕ್ಯಾನ್ಸರ್ ಬರುತ್ತದೆಯೆ? ಈ ಪ್ರಶ್ನೆಗೆ ‘ಹೌದು’ ಎಂದರೂ ತಪ್ಪು, ‘ಇಲ್ಲ’ ಎಂದರೂ ತಪ್ಪು. ಯಾವ ಅಂಗದ ಕ್ಯಾನ್ಸರ್, ಎಷ್ಟು ವರ್ಷ ಮಾತ್ರೆ ಸೇವಿಸಲಾಗಿತ್ತು, ಬಿಟ್ಟು ಎಷ್ಟು ವರ್ಷವಾಯಿತು ಎಂಬುದನ್ನು ತಿಳಿದುಕೊಂಡ ಮೇಲೆಯೇ ಉತ್ತರ ಹೇಳಬೇಕು. ಇಷ್ಟನ್ನು ಅರಿಯಲು ವಿಜ್ಞಾನಕ್ಕೆ ಸುಮಾರು ಅರ್ಧ ಶತಮಾನವೇ ಹಿಡಿಯಿತು.

ಅನುಮಾನ ಮೊದಲೇ ಇತ್ತು

ಹಾರ್ಮೋನಿಗೂ ಕ್ಯಾನ್ಸರಿಗೂ ನಂಟಿದೆ ಎಂಬ ಸುಳಿವು ಮಾತ್ರೆಗಿಂತ ಹಳೆಯದು. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಸ್ತನ ಕ್ಯಾನ್ಸರ್ ಉಲ್ಬಣಿಸಿದ್ದ ಮಹಿಳೆಯ ಅಂಡಾಶಯಗಳನ್ನು ತೆಗೆದುಹಾಕಿದಾಗ ಗಂತಿ ಕುಗ್ಗಿದ್ದನ್ನು 1896ರಲ್ಲಿ ವರದಿ ಮಾಡಿದರು. 1932ರಲ್ಲಿ ಫ್ರಾನ್ಸಿನ ಲಕಸಾನ್ಯ ಗಂಡು ಇಲಿಗಳಿಗೆ ಈಸ್ಟ್ರೊಜೆನ್ ಚುಚ್ಚಿದಾಗ ಅವುಗಳಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು.

ಆದರೂ ಮಾತ್ರೆ ಬಂದೇ ಬಂದಿತು. ಮೆಕ್ಸಿಕೋದ ಒಂದು ಜಾತಿಯ ಕಾಡುಗೆಣಸಿನಿಂದ ಹಾರ್ಮೋನುಗಳನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನು ರಸಾಯನವಿಜ್ಞಾನಿ ರಸೆಲ್ ಮಾರ್ಕರ್ 1940ರ ದಶಕದಲ್ಲಿ ತೋರಿಸಿದ್ದರು. ಮಾರ್ಗರೆಟ್ ಸ್ಯಾಂಗರ್ ಅವರ ಒತ್ತಾಸೆ ಮತ್ತು ಕ್ಯಾಥರೀನ್ ಮೆಕಾರ್ಮಿಕ್ ಅವರ ಹಣದ ಬಲದಿಂದ ಗ್ರೆಗೊರಿ ಪಿಂಕಸ್ ಹಾಗೂ ವೈದ್ಯ ಜಾನ್ ರಾಕ್ ಮಾತ್ರೆಯನ್ನು ರೂಪಿಸಿದರು. 1956ರಲ್ಲಿ ಪೋರ್ಟೊರಿಕೊ ದ್ವೀಪದ ಬಡ ಮಹಿಳೆಯರ ಮೇಲೆ ದೊಡ್ಡ ಪ್ರಯೋಗ ಆರಂಭವಾಯಿತು. ತಾವು ನುಂಗುತ್ತಿರುವುದು ಇನ್ನೂ ಪರೀಕ್ಷೆಯಲ್ಲಿರುವ ಔಷಧಿ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಶೇ. 17ರಷ್ಟು ಮಂದಿಗೆ ತಲೆಸುತ್ತು, ವಾಕರಿಕೆ, ತಲೆನೋವಿನಂಥ ತೊಂದರೆಗಳಾದುವೆಂದು ಅಲ್ಲಿನ ಉಸ್ತುವಾರಿ ವೈದ್ಯೆ ಎಡ್ರಿಸ್ ರೈಸ್-ರೇ ವರದಿ ಮಾಡಿದರೂ ಅದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. 1960ರಲ್ಲಿ ‘ಎನೊವಿಡ್’ ಮಾತ್ರೆಗೆ ಅಮೆರಿಕ ಒಪ್ಪಿಗೆ ನೀಡಿತು.

ಕೆಲವೇ ವರ್ಷಗಳ ಆ ಪ್ರಯೋಗದಿಂದ ಕ್ಯಾನ್ಸರ್ ಕುರಿತು ಏನನ್ನೂ ಹೇಳುವಂತಿರಲಿಲ್ಲ. ಕ್ಯಾನ್ಸರ್ ಮೈದೋರಲು ಹತ್ತಿಪ್ಪತ್ತು ವರ್ಷ ಬೇಕಾಗಬಹುದು. ಹೀಗಾಗಿ ನಿಜವಾದ ಪ್ರಯೋಗ ನಡೆದದ್ದು ಔಷಧಿ ಮಾರುಕಟ್ಟೆಗೆ ಬಂದ ನಂತರ, ಲಕ್ಷಾಂತರ ಆರೋಗ್ಯವಂತ ಮಹಿಳೆಯರ ದೇಹದಲ್ಲಿ.

ಗ್ಯಾಲರಿಯಿಂದ ಎದ್ದ ದನಿ

1970ರ ಜನವರಿಯಲ್ಲಿ ಅಮೆರಿಕದ ಸೆನೆಟ್ ಸದಸ್ಯ ಗೇಲಾರ್ಡ್ ನೆಲ್ಸನ್ ಮಾತ್ರೆಯ ಸುರಕ್ಷತೆ ಕುರಿತು ವಿಚಾರಣೆ ಆರಂಭಿಸಿದರು. ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್ ಮೊದಲಾದ ಅಪಾಯಗಳನ್ನು ತಜ್ಞರು ಒಬ್ಬರಾದ ಮೇಲೊಬ್ಬರು ಚರ್ಚಿಸಿದರು. ಆದರೆ ಮಾತ್ರೆ ನುಂಗುತ್ತಿದ್ದ ಒಬ್ಬ ಮಹಿಳೆಯನ್ನೂ ಸಾಕ್ಷ್ಯಕ್ಕೆ ಕರೆದಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿದ್ದ ಯುವತಿಯರೇ ಎದ್ದು ನಿಂತು ಪ್ರಶ್ನೆ ಕೇಳಿದರು. ಅದೇ ವರ್ಷ, ಅಪಾಯಗಳನ್ನು ತಿಳಿಸುವ ಚೀಟಿಯನ್ನು ಮಾತ್ರೆಯ ಪೊಟ್ಟಣದಲ್ಲಿಡಬೇಕೆಂಬ ನಿಯಮ ಬಂದಿತು.

ಅವರ ಆತಂಕ ನಿರಾಧಾರವಾಗಿರಲಿಲ್ಲ. ತಿಂಗಳ ಬಹುಭಾಗ ಈಸ್ಟ್ರೊಜೆನ್ ಮಾತ್ರ ನೀಡಿ, ಕೊನೆಯ ಕೆಲವು ದಿನ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನನ್ನು ಸೇರಿಸುತ್ತಿದ್ದ ಒಂದು ವರ್ಗದ ಮಾತ್ರೆಗಳಿದ್ದುವು. ಅವುಗಳಿಂದ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಬರಬಹುದೆಂಬ ಶಂಕೆಯ ಮೇಲೆ 1976ರಲ್ಲಿ ಅವನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು.

ನಲವತ್ತಾರು ಸಾವಿರ ಮಹಿಳೆಯರ ದಾಖಲೆ

ಶಂಕೆಯಿಂದ ಖಚಿತ ಅರಿವಿಗೆ ದಾಟಲು ತಾಳ್ಮೆಯ ಎಣಿಕೆ ಬೇಕಿತ್ತು. 1968ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರ ಸಂಸ್ಥೆ ಅಂಥ ಎಣಿಕೆ ಆರಂಭಿಸಿತು. ಸುಮಾರು 1,400 ವೈದ್ಯರು ಮಾತ್ರೆ ಸೇವಿಸುತ್ತಿದ್ದ ಸುಮಾರು 23,000 ಮಹಿಳೆಯರನ್ನೂ ಎಂದೂ ಸೇವಿಸದ ಅಷ್ಟೇ ಮಹಿಳೆಯರನ್ನೂ ನೋಂದಾಯಿಸಿಕೊಂಡರು. ಆರು ತಿಂಗಳಿಗೊಮ್ಮೆ ಅವರ ಕಾಯಿಲೆ, ಬಸಿರು, ಔಷಧಿಗಳ ವಿವರ ಕಳುಹಿಸಿದರು. 44 ವರ್ಷಗಳವರೆಗಿನ ಮಾಹಿತಿಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಲ್ಲ ಕ್ಯಾನ್ಸರುಗಳನ್ನು ಒಟ್ಟಿಗೆ ತೆಗೆದುಕೊಂಡರೆ, ಮಾತ್ರೆ ಸೇವಿಸಿದ್ದವರಲ್ಲಿ ಅಪಾಯ ಹೆಚ್ಚಿರಲಿಲ್ಲ.

ಆದರೆ ‘ಒಟ್ಟಿಗೆ’ ಎಂಬ ಪದ ಒಳಗಿನ ಏರಿಳಿತಗಳನ್ನು ಮರೆಮಾಡುತ್ತದೆ. ಅದನ್ನು ಬಿಡಿಸಲು ಆಕ್ಸ್‌ಫರ್ಡಿನ ತಜ್ಞರು ಜಗತ್ತಿನ ಹತ್ತಾರು ಅಧ್ಯಯನಗಳ ಮೂಲ ಮಾಹಿತಿಯನ್ನು ಒಂದೆಡೆ ಸೇರಿಸಿದರು.

ಸ್ತನ: 1996ರ ವಿಶ್ಲೇಷಣೆಯಲ್ಲಿ 25 ದೇಶಗಳ 54 ಅಧ್ಯಯನಗಳಿದ್ದುವು, ಸ್ತನ ಕ್ಯಾನ್ಸರ್ ಆದ 53,297 ಮಹಿಳೆಯರ ವಿವರಗಳಿದ್ದುವು. ಮಾತ್ರೆ ಸೇವಿಸುತ್ತಿರುವವರಲ್ಲಿ ಅಪಾಯ ಶೇ. 24ರಷ್ಟು ಹೆಚ್ಚು. ಬಿಟ್ಟ ಮೇಲೆ ಅದು ಮೆಲ್ಲನೆ ಇಳಿದು ಹತ್ತು ವರ್ಷಗಳಲ್ಲಿ ಇಲ್ಲವಾಗುತ್ತದೆ.

ಗರ್ಭಕೊರಳು: ಇಲ್ಲಿ ಮೂಲ ಕಾರಣ ಮಾನವ ಪ್ಯಾಪಿಲೋಮ ವೈರಸ್. ಆದರೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಮಾತ್ರೆ ಸೇವಿಸುತ್ತಿರುವವರಲ್ಲಿ ಅಪಾಯ ಸುಮಾರು ಇಮ್ಮಡಿ ಎಂದು 2007ರಲ್ಲಿ ತಿಳಿಯಿತು. ಬಿಟ್ಟ ಹತ್ತು ವರ್ಷಕ್ಕೆ ಇದೂ ಇಳಿಯುತ್ತದೆ.

ಅಂಡಾಶಯ: ಇಲ್ಲಿ ಕಥೆ ತಿರುವುಮುರುವು. ಪ್ರತಿ ಐದು ವರ್ಷದ ಸೇವನೆಗೆ ಅಪಾಯ ಸುಮಾರು ಶೇ. 20ರಷ್ಟು ಕಡಿಮೆಯಾಗುತ್ತದೆ, ಮಾತ್ರೆ ಬಿಟ್ಟು 30 ವರ್ಷ ಕಳೆದರೂ ಈ ರಕ್ಷಣೆ ಸ್ವಲ್ಪಮಟ್ಟಿಗೆ ಉಳಿದಿರುತ್ತದೆ ಎಂದು 2008ರ ವಿಶ್ಲೇಷಣೆ ತೋರಿಸಿತು. ಈಜಿಪ್ಟಿನ ವೈದ್ಯ ಮಹಮೂದ್ ಫತಲ್ಲಾ 1971ರಲ್ಲೇ ಇದಕ್ಕೆ ಹೊಂದುವ ಕಾರಣವೊಂದನ್ನು ಸೂಚಿಸಿದ್ದರು. ಪ್ರತಿ ತಿಂಗಳು ಅಂಡ ಹೊರಬರುವಾಗ ಅಂಡಾಶಯದ ಮೇಲ್ಪದರ ಹರಿದು ಮತ್ತೆ ಮಾಯುತ್ತದೆ. ಮಾಯುವುದೆಂದರೆ ಕೋಶಗಳು ವಿಭಜಿಸುವುದು; ಪ್ರತಿ ವಿಭಜನೆಯಲ್ಲೂ ತಪ್ಪಿಗೆ ಅವಕಾಶವಿದೆ. ಮಾತ್ರೆ ಅಂಡ ಬಿಡುಗಡೆಯನ್ನು ತಡೆದು ಅಂಡಾಶಯಕ್ಕೆ ಬಿಡುವು ಕೊಡುತ್ತದೆ.

ಗರ್ಭಕೋಶದ ಒಳಪದರ: ಇಲ್ಲಿಯೂ ರಕ್ಷಣೆ. ಎರಡೂ ಹಾರ್ಮೋನುಗಳಿರುವ ಮಾತ್ರೆಯಲ್ಲಿ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನು, ಒಳಪದರವನ್ನು ಬೆಳೆಸುವ ಈಸ್ಟ್ರೊಜೆನ್‌ಗೆ ಕಡಿವಾಣ ಹಾಕುತ್ತದೆ. 1976ರಲ್ಲಿ ಹಿಂತೆಗೆದ ಮಾತ್ರೆಗಳಲ್ಲಿ ಕೊರತೆಯಿದ್ದದ್ದು ಈ ಕಡಿವಾಣವೇ.

ಅಂಕಿ ಓದುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2005ರಲ್ಲಿ ಈ ಮಾತ್ರೆಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇರಿಸಿತು. ಸ್ತನ ಮತ್ತು ಗರ್ಭಕೊರಳಿನ ಜೊತೆಗೆ ಯಕೃತ್ತಿನ ಕ್ಯಾನ್ಸರನ್ನೂ ಹೆಸರಿಸಿತು. ಅಂಡಾಶಯ ಮತ್ತು ಗರ್ಭಕೋಶದ ಒಳಪದರಕ್ಕೆ ರಕ್ಷಣೆಯಿದೆ ಎಂದೂ ಅದೇ ವರದಿಯಲ್ಲಿ ಹೇಳಿತು. ಈ ಗುಂಪು ಸೂಚಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಎನೊವಿಡ್ ಮಾತ್ರೆಯಲ್ಲಿ 0.15 ಮಿಲಿಗ್ರಾಂ ಈಸ್ಟ್ರೊಜೆನ್ ಬಗೆಯ ಹಾರ್ಮೋನು ಇತ್ತು. ನಮ್ಮ ಸರ್ಕಾರ ವಿತರಿಸುವ ‘ಮಾಲಾ-ಎನ್’ನಲ್ಲಿ ಅಂಥ ಹಾರ್ಮೋನು 0.03 ಮಿಲಿಗ್ರಾಂ ಮಾತ್ರ. ಪ್ರಮಾಣ ತಗ್ಗಿದರೆ ಸ್ತನ ಕ್ಯಾನ್ಸರಿನ ಅಪಾಯವೂ ಮಾಯವಾದೀತೆಂದು ಆಶಿಸಲಾಗಿತ್ತು. ಆದರೆ 2017ರಲ್ಲಿ ಡೆನ್ಮಾರ್ಕಿನ 18 ಲಕ್ಷ ಮಹಿಳೆಯರ ಅಧ್ಯಯನ, ಹೊಸ ಹಾರ್ಮೋನು ಗರ್ಭನಿರೋಧಕಗಳಲ್ಲೂ ಅಪಾಯ ಶೇ. 20ರಷ್ಟು ಹೆಚ್ಚು ಎಂದಿತು.

ಶೇ. 20 ಎಂದರೆ ನೂರರಲ್ಲಿ ಇಪ್ಪತ್ತು ಮಂದಿಗೆ ಕ್ಯಾನ್ಸರ್ ಬರುತ್ತದೆಂದು ಅರ್ಥವಲ್ಲ. ಒಂದು ವರ್ಷದಲ್ಲಿ ಲಕ್ಷ ಮಹಿಳೆಯರಲ್ಲಿ ಸುಮಾರು 13 ಮಂದಿಗೆ ಹೆಚ್ಚಾಗಿ ಕ್ಯಾನ್ಸರ್ ಬಂದಿತು ಎಂದರ್ಥ. ಮೊದಲನೆಯದು ಸಾಪೇಕ್ಷ ಅಪಾಯ, ಎರಡನೆಯದು ನಿಜವಾದ ಹೆಚ್ಚಳ. ಶತಾಂಶ ಲೆಕ್ಕ ಕಲಿಸುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಲಕ್ಷದಲ್ಲಿ ಹದಿಮೂರು ಚಿಕ್ಕ ಸಂಖ್ಯೆ, ನಿಜ. ಆದರೆ ಆ ಹದಿಮೂರರಲ್ಲಿ ಒಬ್ಬಳಾಗುವವಳಿಗೆ ಅದು ಚಿಕ್ಕದಲ್ಲ. ಆಕೆಯ ವಯಸ್ಸು, ಮನೆತನದಲ್ಲಿ ಕ್ಯಾನ್ಸರಿನ ಇತಿಹಾಸ, ಬೇಡದ ಬಸಿರಿನಿಂದ ಆಗುವ ತೊಂದರೆ - ಇವೆಲ್ಲವನ್ನೂ ವೈದ್ಯರೊಡನೆ ತೂಗಿ ನೋಡಬೇಕಾದವಳು ಆಕೆಯೇ. ಪೋರ್ಟೊರಿಕೊದ ಮಹಿಳೆಯರಿಗೆ ಹಾಗೆ ತೂಗುವ ಅವಕಾಶ ಇರಲಿಲ್ಲ. ಇಂದಿನವರಿಗೆ ಅಂಕಿಗಳೂ ಇವೆ, ಪೊಟ್ಟಣದಲ್ಲಿ ಚೀಟಿಯೂ ಇದೆ. ಅದನ್ನು ಓದಿ ತಿಳಿಯುವಂತೆ ಮಾಡುವ ಕೆಲಸ ಮಾತ್ರ ಶಾಲೆಯದು.