ಹತ್ತಿ ಬಟ್ಟೆಯ ಸುಕ್ಕುನಿರೋಧಕ ಮತ್ತು ಬ್ಯಾಕ್ಟೀರಿಯಾನಿರೋಧಕ ಸಂಸ್ಕರಣ

ಹತ್ತಿಯ ನಾರು ಬಹುಪಾಲು ಸೆಲ್ಯುಲೋಸ್. ಅದರ ಅಣುಸರಪಣಿಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳು ಬಟ್ಟೆ ಒದ್ದೆಯಾದಾಗ ಸಡಿಲಗೊಂಡು, ಒಣಗುವಾಗ ಮುದುಡಿದ ಸ್ಥಿತಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಒಗೆದ ಅಂಗಿಗೆ ಇಸ್ತ್ರಿ ಬೇಕಾಗುವುದು ಇದರಿಂದಲೇ. ಸರಪಣಿಗಳ ನಡುವೆ ನೀರಿಗೆ ಜಗ್ಗದ ಅಡ್ಡಬಂಧಗಳನ್ನು ಹೂಡುವುದು ಸುಕ್ಕುನಿರೋಧಕ ಸಂಸ್ಕರಣದ ತಿರುಳು.

1920ರ ದಶಕದಲ್ಲಿ ಮ್ಯಾಂಚೆಸ್ಟರಿನ ಟೂಟಲ್ ಕಂಪನಿಯ ರಸಾಯನತಜ್ಞರು ಯೂರಿಯಾ-ಫಾರ್ಮಾಲ್ಡಿಹೈಡ್ ರಾಳದಿಂದ ಇದನ್ನು ಸಾಧಿಸಿದರು. ಮುಂದೆ ಡಿಎಂಡಿಎಚ್‌ಇಯು ಎಂಬ ಸಂಯುಕ್ತ ಗಿರಣಿಗಳಲ್ಲಿ ನೆಲೆಯೂರಿತು. ಇದಕ್ಕೆ ಕ್ರಿಯಾವರ್ಧಕವಾಗಿ ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ದ್ರಾವಣದಲ್ಲಿ ಬಟ್ಟೆಯನ್ನು ಅದ್ದಿ, ಉರುಳೆಗಳ ನಡುವೆ ಹಿಂಡಿ, ಒಣಗಿಸಿ, ಸುಮಾರು 150–170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಕಾಯಿಸುತ್ತಾರೆ. ಇಸ್ತ್ರಿಯ ಶ್ರಮ ಉಳಿಯುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ: ನಾರು ಪೆಡಸಾಗಿ ಬಟ್ಟೆ ಬೇಗ ಹರಿಯುತ್ತದೆ, ಸವೆಯುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಸಂಸ್ಕರಿಸಿದ ಬಟ್ಟೆ ಹೊರಸೂಸುವ ಫಾರ್ಮಾಲ್ಡಿಹೈಡ್. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಬದಲಿಯಾಗಿ ಬಂದ ಬ್ಯೂಟೇನ್ ಟೆಟ್ರಾಕಾರ್ಬಾಕ್ಸಿಲಿಕ್ ಆಮ್ಲ ಗುಣದಲ್ಲಿ ಉತ್ತಮ, ಬೆಲೆಯಲ್ಲಿ ದುಬಾರಿ. ನಿಂಬೆಹಣ್ಣಿನಲ್ಲೂ ಇರುವ ಸಿಟ್ರಿಕ್ ಆಮ್ಲ ಅಗ್ಗ. ಆದರೆ ಅದರಿಂದ ಬಿಳಿ ಬಟ್ಟೆ ಹಳದಿಗಟ್ಟುತ್ತದೆ.

ಬ್ಯಾಕ್ಟೀರಿಯಾನಿರೋಧಕ ಸಂಸ್ಕರಣದ ಗುರಿ ಬೇರೆ: ಬೆವರಿನ ದುರ್ವಾಸನೆ ಹುಟ್ಟುವುದು ಬೆವರನ್ನು ವಿಭಜಿಸುವ ಬ್ಯಾಕ್ಟೀರಿಯಾಗಳಿಂದ. ಅವುಗಳ ತಡೆಗೆ ಬೆಳ್ಳಿಯ ಸಂಯುಕ್ತಗಳು, ಕ್ವಾಟರ್ನರಿ ಅಮೋನಿಯಂ ಲವಣಗಳು, ಸಿಗಡಿ-ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್ ಬಳಕೆಯಲ್ಲಿವೆ. ಬೆಳ್ಳಿಯ ಅಯಾನುಗಳು ಒಗೆತದಲ್ಲಿ ಸೋರಿಹೋಗುವುದುಂಟು. ಸಿಟ್ರಿಕ್ ಆಮ್ಲವು ಸೆಲ್ಯುಲೋಸ್ ಸರಪಣಿಗಳನ್ನು ಬೆಸೆಯುವ ಜೊತೆಗೆ ಕೈಟೋಸಾನನ್ನೂ ಅವಕ್ಕೆ ಕಟ್ಟಿಹಾಕಬಲ್ಲದಾದ್ದರಿಂದ, ಎರಡೂ ಸಂಸ್ಕರಣಗಳನ್ನು ಒಂದೇ ಅದ್ದಿನಲ್ಲಿ ಮುಗಿಸಬಹುದು.