ನೆತ್ತಿಗೆ ಹತ್ತಿದ ತುತ್ತು: ವಯೋವೃದ್ಧರ ನ್ಯುಮೋನಿಯಾವನ್ನು ಗುರುತಿಸುವ ಬಗೆ

ಊಟದ ನಡುವೆ ಹಿರಿಯರು ಕೆಮ್ಮಿದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುವುದು ನಮ್ಮ ಮನೆಗಳ ವಾಡಿಕೆ. ವಾಸ್ತವದಲ್ಲಿ ತುತ್ತು ದಾರಿ ತಪ್ಪುವುದು ನೆತ್ತಿಗಲ್ಲ, ಶ್ವಾಸನಾಳಕ್ಕೆ. ಆಹಾರ, ಜೊಲ್ಲು ಅಥವಾ ಜಠರದಿಂದ ಮೇಲೆ ಬಂದ ದ್ರವವು ಬಾಯಿಯ ರೋಗಾಣುಗಳೊಡನೆ ಶ್ವಾಸಕೋಶಕ್ಕಿಳಿದು ಉಂಟುಮಾಡುವ ಸೋಂಕಿಗೆ ‘ಆಸ್ಪಿರೇಷನ್ ನ್ಯುಮೋನಿಯಾ’ ಎಂದು ಹೆಸರು.

ಯಾರಲ್ಲಿ ಹೆಚ್ಚು?

ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ ಅಥವಾ ಮರೆವಿನ ಕಾಯಿಲೆ ಇರುವವರಲ್ಲಿ, ನಿದ್ರೆಮಾತ್ರೆ ಸೇವಿಸುವವರಲ್ಲಿ ಹಾಗೂ ಹಾಸಿಗೆ ಹಿಡಿದವರಲ್ಲಿ ಈ ಅಪಾಯ ಹೆಚ್ಚು. ಇಂಥವರಲ್ಲಿ ಕೆಮ್ಮುವ ಶಕ್ತಿಯೇ ಕುಂದಿರಬಹುದಾದ್ದರಿಂದ ತುತ್ತು ಜಾರಿದ್ದು ಯಾರ ಗಮನಕ್ಕೂ ಬಾರದೆ ಹೋಗಬಹುದು.

ಲಕ್ಷಣಗಳು

ಎಂಬತ್ತು ದಾಟಿದವರಲ್ಲಿ ಜ್ವರ, ಕಫಗಳಿಲ್ಲದೆಯೂ ನ್ಯುಮೋನಿಯಾ ಇರಬಹುದು. ‘ವಯಸ್ಸಾಯಿತಲ್ಲ’ ಎಂದು ನಾವು ತಳ್ಳಿಹಾಕುವ ಬದಲಾವಣೆಗಳೇ ಅನೇಕ ವೇಳೆ ಮೊದಲ ಸೂಚನೆಗಳು. ನಿನ್ನೆ ಸರಿಯಾಗಿ ಮಾತನಾಡಿದವರು ಇಂದು ಗೊಂದಲಗೊಳ್ಳುವುದು, ಊಟ ಬೇಡವೆನ್ನುವುದು, ಮಂಪರು, ಏಕಾಏಕಿ ಬೀಳುವುದು, ನೀರು ಕುಡಿದ ಬಳಿಕ ಧ್ವನಿ ಗೊರಗೊರ ಎನ್ನುವುದು ಇವೆಲ್ಲ ಗಮನಾರ್ಹ. ಹಿರಿಯರು ವಿಶ್ರಮಿಸುತ್ತಿರುವಾಗ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಉಸಿರು 25 ಮೀರಿದರೆ ಅಂದೇ ವೈದ್ಯರಿಗೆ ತೋರಿಸಬೇಕು. 30 ಮುಟ್ಟಿದರೆ, ತುಟಿ ನೀಲಿಗಟ್ಟಿದರೆ ಅಥವಾ ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ 92ಕ್ಕಿಂತ ಕಡಿಮೆ ತೋರಿಸಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ವೈದ್ಯರಿಗೆ ಹೇಳಬೇಕಾದುದು

ಮನಸ್ಸಿನ ಗೊಂದಲ, ಉಸಿರಾಟದ ವೇಗ, ರಕ್ತದೊತ್ತಡ, ವಯಸ್ಸು ಈ ನಾಲ್ಕನ್ನು ನೋಡಿ ವೈದ್ಯರು ರಕ್ತಪರೀಕ್ಷೆಗೂ ಮೊದಲೇ ನ್ಯುಮೋನಿಯಾದ ತೀವ್ರತೆಯನ್ನು ಅಂದಾಜು ಮಾಡಬಲ್ಲರು. ಆದರೆ ಕನ್ನಡವನ್ನಷ್ಟೇ ಬಲ್ಲ ಅಜ್ಜಿಯ ಮಾತು ತಪ್ಪಿದೆಯೆಂಬುದು ಪುಣೆಯ ಅಥವಾ ದೆಹಲಿಯ ವೈದ್ಯರಿಗೆ ಹೇಗೆ ತಿಳಿಯಬೇಕು? ಅದನ್ನು ನಾವೇ ಹೇಳಬೇಕು. ಆರಂಭದಲ್ಲಿ ಎಕ್ಸ್‌ರೇ ಕೂಡ ನಿರ್ಮಲವಾಗಿ ಕಾಣಬಹುದಾದ್ದರಿಂದ ಊಟದ ವಿವರಕ್ಕೆ ಬೆಲೆಯಿದೆ. ಬೆಳಿಗ್ಗೆ ಕಚೇರಿಗೆ ಹೊರಡುವ ನಮಗೆ ಮಧ್ಯಾಹ್ನದ ತುತ್ತಿನ ಕಥೆ ತಿಳಿದಿರುವುದಿಲ್ಲ. ಉಣಿಸುವವರನ್ನೇ ಕೇಳಿ ತಿಳಿದುಕೊಂಡು ಹೋಗುವುದು ಲೇಸು.

ಮುನ್ನೆಚ್ಚರಿಕೆ

ಮಲಗಿಸಿ ಉಣಿಸಬಾರದು. ನೆಟ್ಟಗೆ ಕೂರಿಸಿ, ಚಿಕ್ಕ ತುತ್ತುಗಳನ್ನು ನಿಧಾನವಾಗಿ ಕೊಟ್ಟು, ಊಟದ ನಂತರವೂ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ತೆಳು ನೀರು, ಕಾಫಿಗಳೇ ಗಂಜಿಗಿಂತ ಬೇಗ ದಾರಿ ತಪ್ಪುತ್ತವೆ. ಹಲ್ಲಿಲ್ಲದವರ ಬಾಯಿಯನ್ನೂ, ದಂತಪಂಕ್ತಿಯನ್ನೂ ದಿನವೂ ಶುಚಿಗೊಳಿಸಬೇಕು. ಬಾಯಿಯ ಶುಚಿತ್ವದಿಂದ ನ್ಯುಮೋನಿಯಾ ಕಡಿಮೆಯಾಗುವುದನ್ನು ಜಪಾನಿನ ವೃದ್ಧಾಶ್ರಮಗಳ ಅಧ್ಯಯನವೊಂದು 1999ರಲ್ಲಿಯೇ ತೋರಿಸಿದೆ.

ಇನ್ನು ಮುಂದೆ ಹಿರಿಯರಿಗೆ ನೆತ್ತಿಗೆ ಹತ್ತಿದಾಗ ತಲೆ ತಟ್ಟಿ ಸುಮ್ಮನಾಗದೆ, ಎರಡು ಮೂರು ದಿನ ಅವರ ಉಸಿರನ್ನೂ ಮಾತನ್ನೂ ಗಮನಿಸೋಣ.